ಉಪ್ಪು ಮಿಡಿಯನ್ನು ಚಿರುಟಿಸುತ್ತದೆ, ಡ್ರಿಪ್ಸಿನ ಉಪ್ಪುನೀರು ರಕ್ತವನ್ನು ಯಾಕೆ ಚಿರುಟಿಸುವುದಿಲ್ಲ?

ಪ್ರಶ್ನೆ: ಮಳೆಗಾಲ ಶುರುವಾದಾಗ ನನ್ನ ಅತ್ತೆಗೆ ವಾಂತಿ-ಭೇದಿ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಡ್ರಿಪ್ಸ್ ಹಾಕಿದರು. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ ಎಂದು ಬರೆದಿತ್ತು. ಅದು ಉಪ್ಪೇ ಅಲ್ವಾ? ನಾವು ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ನೀರು ಬಿಟ್ಟು ಚಿರುಟುತ್ತದೆ. ಹಾಗಾದರೆ ರಕ್ತಕ್ಕೆ ಉಪ್ಪುನೀರು ಬಿಟ್ಟಾಗ ರಕ್ತದ ಕಣಗಳೂ ಚಿರುಟಬೇಕಲ್ಲ? ಅದರ ಬದಲು ಗುಡ್ಡಕ್ಕೆ ಕೊರೆದ ನಮ್ಮ ಸುರಂಗದ ಒಳ್ಳೆಯ ನೀರನ್ನೇ ಕುದಿಸಿ ಸೋಸಿ ಕೊಟ್ಟರೆ ಆಗುವುದಿಲ್ಲವಾ? ಮಗಳು ಪ್ಲಸ್ ಒನ್‌ನಲ್ಲಿ ಸಯನ್ಸ್ ಓದುತ್ತಿದ್ದಾಳೆ. ಹೈಪೋಟಾನಿಕ್, ಹೈಪರ್‌ಟಾನಿಕ್ ಎಂದು ಬಾಯಿಪಾಠ ಹೇಳುತ್ತಾಳೆ. ಯಾವಾಗ ಯಾವುದು ಎಂದು ಕೇಳಿದರೆ ಅವಳಿಗೂ ಗೊಂದಲ. (ಬದಿಯಡ್ಕ ಕಡೆಯ ಓದುಗರೊಬ್ಬರು)

ಉತ್ತರ: ಅಕ್ಕ, ಮಿಡಿಗೂ ಡ್ರಿಪ್ಸಿಗೂ ನಿಯಮ ಒಂದೇ. ನೀವು ಎರಡನ್ನೂ ಜೊತೆಗಿಟ್ಟು ನೋಡಿದ್ದು ಸರಿಯೇ. ವ್ಯತ್ಯಾಸ ಇರುವುದು ಉಪ್ಪಿನ ಪ್ರಮಾಣದಲ್ಲಿ. ಆ ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ ಎಂಬುದರ ಪಕ್ಕದಲ್ಲೇ ಶೇ. 0.9 ಎಂದೂ ಇದ್ದಿರಬೇಕು. ಅಂದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಅರ್ಧ ಲೀಟರಿನ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ, ಒಂದು ಟೀ ಚಮಚವೂ ತುಂಬುವುದಿಲ್ಲ. ಇನ್ನು ಮಿಡಿಯ ಭರಣಿಯನ್ನು ನೋಡಿ. ತಳದಲ್ಲಿ ಕರಗದ ಉಪ್ಪು ಉಳಿದಿದ್ದರೆ ಆ ನೀರು ಹಿಡಿಯುವಷ್ಟು ಉಪ್ಪನ್ನು ಹಿಡಿದಾಗಿದೆ ಎಂದು ಅರ್ಥ. ಅಂಥ ನೀರಿನ ಒಂದು ಲೀಟರಿನಲ್ಲಿ 300 ಗ್ರಾಂಗಿಂತ ಜಾಸ್ತಿ ಉಪ್ಪು ಇರುತ್ತದೆ. ಡ್ರಿಪ್ಸಿನ ನೀರಿಗಿಂತ ಮೂವತ್ತು ಪಟ್ಟಿಗೂ ಮೇಲೆ. ಮಿಡಿ ಚಿರುಟುವುದು ಅದಕ್ಕೆ.

ಆದರೆ "ಒಂದು ಜಾಸ್ತಿ, ಇನ್ನೊಂದು ಕಡಿಮೆ" ಎಂದು ಹೇಳಿ ಮುಗಿಸಿದರೆ ನಿಮ್ಮ ಸುರಂಗದ ನೀರಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಉಪ್ಪು ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುವುದಾದರೆ ಉಪ್ಪೇ ಇಲ್ಲದ ನೀರು ಎಲ್ಲಕ್ಕಿಂತ ಒಳ್ಳೆಯದಾಗಬೇಕಿತ್ತು. ರಕ್ತನಾಳದೊಳಗೆ ಅದು ಜೀವ ತೆಗೆಯುತ್ತದೆ. ಯಾಕೆ ಎಂದು ತಿಳಿಯಲು ಮೊದಲು ಮಿಡಿಯ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಮಿಡಿಯಾಗಲಿ ರಕ್ತವಾಗಲಿ, ಜೀವ ಇರುವುದೆಲ್ಲ ಜೀವಕೋಶಗಳಿಂದ ಆದದ್ದು. ಪ್ರತಿ ಕೋಶದ ಸುತ್ತ ಬಹಳ ತೆಳುವಾದ ಒಂದು ಪೊರೆ ಇದೆ. ಒಳಗೆ ನೀರು, ಆ ನೀರಿನಲ್ಲಿ ಪೊಟ್ಯಾಸಿಯಂ, ಸಕ್ಕರೆ, ಪ್ರೋಟೀನು ಹೀಗೆ ನೂರಾರು ವಸ್ತುಗಳು. ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ. ನೀರಿನ ಕಣಗಳು ಯಾವಾಗಲೂ ಒಳಗಿನಿಂದ ಹೊರಗೂ ಹೊರಗಿನಿಂದ ಒಳಗೂ ದಾಟುತ್ತಲೇ ಇರುತ್ತವೆ. ಎರಡೂ ಕಡೆ ಕರಗಿದ ಕಣಗಳು ಸಮವಾಗಿದ್ದರೆ ಹೋದಷ್ಟೇ ನೀರು ಬರುತ್ತದೆ, ಕೋಶ ಇದ್ದ ಹಾಗೆ ಇರುತ್ತದೆ. ಒಂದು ಕಡೆ ಕರಗಿದ ಕಣಗಳು ಜಾಸ್ತಿಯಾದರೆ ಆ ಕಡೆಯಿಂದ ದಾಟಿ ಬರುವ ನೀರು ಕಡಿಮೆಯಾಗುತ್ತದೆ. ಇನ್ನೊಂದು ಕಡೆಯ ನೀರು ಮೊದಲಿನಂತೆಯೇ ದಾಟುತ್ತಿರುತ್ತದೆ. ಒಟ್ಟು ಲೆಕ್ಕದಲ್ಲಿ ನೀರು ಕಣಗಳು ಜಾಸ್ತಿ ಇರುವ ಕಡೆಗೆ ಸರಿಯುತ್ತದೆ. ಪೊರೆಯ ಮೂಲಕ ಹೀಗೆ ನೀರು ಸರಿಯುವುದನ್ನೇ ಆಸ್ಮೋಸಿಸ್ ಎನ್ನುವುದು, ಪಠ್ಯಪುಸ್ತಕದಲ್ಲಿ ಅಭಿಸರಣೆ ಎಂದಿರುತ್ತದೆ.

ಮಿಡಿಯ ಭರಣಿಯಲ್ಲಿ ಹೊರಗೆ ಉಪ್ಪು ರಾಶಿ ಇದೆ. ಒಳಗಿನ ನೀರು ಹೊರಗೆ ಬರುತ್ತದೆ. ನೀವು ಒಂದು ತೊಟ್ಟು ನೀರು ಹಾಕದೆ ಬರೀ ಹರಳುಪ್ಪು ಹಾಕಿ ಮುಚ್ಚಿಟ್ಟ ಭರಣಿ ನೀರಿನಿಂದ ತುಂಬುವುದು ಹೀಗೆ. ಆ ನೀರೆಲ್ಲ ಮಿಡಿಯದೇ. ಉಪ್ಪಿಗೆ ಬಿದ್ದ ಬ್ಯಾಕ್ಟೀರಿಯಾಗಳಿಗೂ ಇದೇ ಗತಿ. ಅವುಗಳ ಒಳಗಿನ ನೀರೂ ಹೊರಗೆ ಬಂದು ಬೆಳವಣಿಗೆ ನಿಲ್ಲುತ್ತದೆ. ಉಪ್ಪಿನಕಾಯಿಯೂ ಉಪ್ಪು ಸೊಳೆಯೂ (ಉಪ್ಪಿಗೆ ಹಾಕಿದ ಹಲಸಿನ ತೊಳೆ) ವರ್ಷ ಕಳೆದರೂ ಕೆಡದೆ ಉಳಿಯುವುದರ ಹಿಂದೆ ಇರುವ ಮುಖ್ಯ ಕಾರಣ ಇದು. ಒದ್ದೆ ಸೌಟು ಹಾಕಬೇಡಿ ಎಂದು ಅಜ್ಜಿಯಂದಿರು ಗದರುತ್ತಿದ್ದುದಕ್ಕೂ ಇಲ್ಲಿಯೇ ಉತ್ತರ ಇದೆ. ಸೌಟಿನ ನೀರು ಮೇಲ್ಪದರದ ಉಪ್ಪನ್ನು ತೆಳು ಮಾಡುತ್ತದೆ, ಅಷ್ಟು ಜಾಗದಲ್ಲಿ ಬೂಸ್ಟಿಗೆ ಬದುಕಲು ಅವಕಾಶ ಸಿಗುತ್ತದೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಇದನ್ನು ತಪ್ಪಾಗಿ ವಿವರಿಸುವುದನ್ನು ಬಹಳ ಕೇಳಿದ್ದೇನೆ. ರೊಟ್ಟಿ ಮಾಡುವ ಮೊದಲು ಉಪ್ಪು ಸೊಳೆಯನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸುತ್ತೇವಲ್ಲ, ಅದು ಆಸ್ಮೋಸಿಸ್ ಅಲ್ಲ. ತಿಂಗಳುಗಟ್ಟಲೆ ಉಪ್ಪಿನಲ್ಲಿದ್ದ ಸೊಳೆಯ ಕೋಶಗಳು ಸತ್ತಿರುತ್ತವೆ, ಪೊರೆ ಹರಿದಿರುತ್ತದೆ. ತಡೆಯುವವರು ಯಾರೂ ಇಲ್ಲದ ಕಾರಣ ಉಪ್ಪು ಒಳಗೂ ಹೋಗಿರುತ್ತದೆ. ನೆನೆಸಿದಾಗ ಅದೇ ಉಪ್ಪು ಸುಮ್ನೆ ಹೊರಗೆ ಹರಡಿಕೊಳ್ಳುತ್ತದೆ. ಆಸ್ಮೋಸಿಸ್ ನಡೆಯಬೇಕಾದರೆ ಗಟ್ಟಿಯಾಗಿ ಉಳಿದ ಪೊರೆ ಬೇಕು.

ಈಗ ಸುರಂಗದ ನೀರು. ಪೆರ್ಲ, ಬಾಯಾರು, ಪೈವಳಿಕೆ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಕೊರೆದ ಸುರಂಗಗಳ ನೀರು ಎಷ್ಟು ತಿಳಿ ಎಂದು ನಿಮಗೆ ಗೊತ್ತು. ಅದರಲ್ಲಿ ಕರಗಿದ ಲವಣ ಬಹಳ ಕಡಿಮೆ. ಕುಡಿಯಲು ಅಮೃತ. ಆದರೆ ರಕ್ತದ ಮಟ್ಟಿಗೆ ಅದು ಹೆಚ್ಚುಕಡಿಮೆ ಬರೀ ನೀರು.

ಇದನ್ನು ಕಣ್ಣಾರೆ ನೋಡುವ ಒಂದು ದಾರಿ ಇದೆ. ಲ್ಯಾಬಿನಲ್ಲಿ ಮೂರು ಟೆಸ್ಟ್ ಟ್ಯೂಬ್ ಇಟ್ಟು ಒಂದಕ್ಕೆ ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ಶೇ. 0.9ರ ಉಪ್ಪುನೀರು, ಮೂರನೆಯದಕ್ಕೆ ಶೇ. 3ರ ಉಪ್ಪುನೀರು ಹಾಕುತ್ತೇವೆ. ಮೂರಕ್ಕೂ ಒಂದೊಂದು ಹನಿ ರಕ್ತ. ಟ್ಯೂಬುಗಳ ಹಿಂದೆ ಅಚ್ಚಾದ ಕಾಗದವನ್ನು ಹಿಡಿಯಬೇಕು. ಉಪ್ಪುನೀರಿನ ಎರಡು ಟ್ಯೂಬುಗಳಲ್ಲಿ ಕೆಂಪು ಮಬ್ಬು. ಹಿಂದಿನ ಅಕ್ಷರ ಕಾಣುವುದಿಲ್ಲ, ಏಕೆಂದರೆ ಕೋಟ್ಯಂತರ ಇಡೀ ರಕ್ತಕಣಗಳು ಬೆಳಕನ್ನು ಚದುರಿಸುತ್ತಿವೆ. ಡಿಸ್ಟಿಲ್ಡ್ ವಾಟರಿನ ಟ್ಯೂಬು ಮೊದಲು ಮಬ್ಬಾಗಿದ್ದು, ಕೆಲವೇ ಸೆಕೆಂಡುಗಳಲ್ಲಿ ತಿಳಿಯಾಗುತ್ತದೆ. ಬಣ್ಣ ಕೆಂಪೇ. ಆದರೆ ಕೋಕಂ ಶರಬತ್ತಿನ ಹಾಗೆ ಆಚೆ ಈಚೆ ಕಾಣುವ ಕೆಂಪು. ಹಿಂದಿನ ಸಾಲನ್ನು ಓದಬಹುದು. ಅಂದರೆ ಕಣ ಎಂಬುದು ಅಲ್ಲಿ ಉಳಿದಿಲ್ಲ. ನೀರು ಒಳಗೆ ನುಗ್ಗಿ ಕಣಗಳು ಊದಿ ಒಡೆದಿವೆ, ಒಳಗಿದ್ದ ಹಿಮೋಗ್ಲೋಬಿನ್ ನೀರಿಗೆ ಬಂದಿದೆ. ಶೇ. 3ರ ಟ್ಯೂಬಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕಣಗಳು ಕುಗ್ಗಿ ಅಂಚೆಲ್ಲ ಮುಳ್ಳುಮುಳ್ಳಾಗಿ ಕಾಣುತ್ತವೆ. ನಿಮ್ಮ ಮಿಡಿ ಚಿರುಟಿದ್ದೂ ಇದೇ. ನಡುವಿನ ಟ್ಯೂಬಿನಲ್ಲಿ ಮಾತ್ರ ಅವು ನಡುವೆ ತಗ್ಗಿರುವ ದುಂಡು ಬಿಲ್ಲೆಗಳಾಗಿ ಆರಾಮವಾಗಿರುತ್ತವೆ.

ಸುರಂಗದ ನೀರನ್ನು ಎಷ್ಟೇ ಕುದಿಸಿ ಸೋಸಿದರೂ ರಕ್ತನಾಳಕ್ಕೆ ನೇರ ಬಿಟ್ಟರೆ ಮೊದಲ ಟ್ಯೂಬಿನಲ್ಲಿ ಆದದ್ದೇ ದೇಹದೊಳಗೆ ಆಗುತ್ತದೆ. ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಯನ್ನೂ ಕೆಡಿಸುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ ಅಷ್ಟೆ, ನೀರಿಗೆ ಬೇಕಾದ ಕರಗಿದ ಕಣಗಳು ಬರುವುದಿಲ್ಲ. ಹಾಗಾದರೆ ಅದೇ ನೀರನ್ನು ಚೆಂಬುಗಟ್ಟಲೆ ಕುಡಿದರೂ ಏನೂ ಆಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕುಡಿದ ನೀರು ಕರುಳಿನಿಂದ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ, ಸೇರಿದ ಹಾಗೆಯೇ ಇಡೀ ದೇಹದ ನೀರಿನಲ್ಲಿ ಬೆರೆಯುತ್ತದೆ. ಹೆಚ್ಚಾದದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಸೂಜಿಯ ತುದಿಯಲ್ಲಿ ಆ ಪುರುಸೊತ್ತು ಇಲ್ಲ.

ಶೇ. 0.9 ಎಂಬ ಲೆಕ್ಕ ಹೇಗೆ ಬಂತು? ರಕ್ತನಾಳಕ್ಕೆ ಉಪ್ಪುನೀರು ಕೊಡುವುದು ಅದಕ್ಕಿಂತ ಹಳೆಯದು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯರು ಕಾಲರಾ ರೋಗಿಗಳಿಗೆ ಅದನ್ನು ಕೊಟ್ಟಿದ್ದರು. ಆದರೆ ರಕ್ತದ ಕಣಕ್ಕೂ ಉಪ್ಪಿನ ಪ್ರಮಾಣಕ್ಕೂ ಇರುವ ಸಂಬಂಧ ಸ್ಪಷ್ಟವಾದದ್ದು 19ನೇ ಶತಮಾನದ ಕೊನೆಗೆ. ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಗಿಡದ ಕೋಶಗಳು ಯಾವ ದ್ರಾವಣದಲ್ಲಿ ಕುಗ್ಗುತ್ತವೆ ಎಂದು ಅಳೆಯುತ್ತಿದ್ದರು. ಅವರದೇ ದೇಶದ ಹಾರ್ಟೋಗ್ ಯಾಕೋಬ್ ಹಂಬುರ್ಗರ್ ಅದೇ ರೀತಿಯನ್ನು ರಕ್ತಕ್ಕೆ ತಂದರು. ಬೇರೆ ಬೇರೆ ಪ್ರಮಾಣದ ಉಪ್ಪುನೀರಿನಲ್ಲಿ ಕೆಂಪು ಕಣ ಎಲ್ಲಿ ಒಡೆಯುತ್ತದೆ ಎಂದು ಹುಡುಕಿದರು. ಶೇ. 0.9 ಮನುಷ್ಯನ ರಕ್ತಕ್ಕೆ ಸಮ ಎಂಬ ಮಾತು ಅವರಿಂದ ನೆಲೆನಿಂತಿತು.

ಕೆಂಪು ಕಣಕ್ಕೆ ಸ್ವಲ್ಪ ಸಹನೆಯೂ ಇದೆ. ಚಪ್ಪಟೆ ಬಿಲ್ಲೆಯಾದ ಕಾರಣ ಗುಂಡಗಾಗುವ ತನಕ ನೀರು ಹಿಡಿಯಲು ಜಾಗ ಉಂಟು. ಉಪ್ಪು ಶೇ. 0.5ರ ಆಸುಪಾಸಿಗೆ ಇಳಿದಾಗ ಒಡೆಯಲು ಶುರು, ಶೇ. 0.3ರ ಹತ್ತಿರ ಬಹುತೇಕ ಎಲ್ಲವೂ ಒಡೆದಿರುತ್ತವೆ. ಹುಟ್ಟಿನಿಂದಲೇ ಕಣಗಳು ಗುಂಡಗಿರುವ ಒಂದು ರಕ್ತದ ಕಾಯಿಲೆ ಇದೆ. ಅಂಥವರ ಕಣಗಳಿಗೆ ಊದಲು ಜಾಗವೇ ಇರುವುದಿಲ್ಲ, ಬೇಗ ಒಡೆಯುತ್ತವೆ. ಆ ಕಾಯಿಲೆಯನ್ನು ಪತ್ತೆಹಚ್ಚಲು ಇದೇ ಪರೀಕ್ಷೆಯನ್ನು ಬಳಸುತ್ತಾರೆ.

ಮಗಳ ಗೊಂದಲಕ್ಕೆ ಬರುತ್ತೇನೆ. ಹೊರಗಿನ ದ್ರಾವಣ ಕೋಶಕ್ಕಿಂತ ತೆಳುವಾಗಿದ್ದರೆ ಹೈಪೋಟಾನಿಕ್, ಸಮವಾಗಿದ್ದರೆ ಐಸೋಟಾನಿಕ್, ಗಟ್ಟಿಯಾಗಿದ್ದರೆ ಹೈಪರ್‌ಟಾನಿಕ್. ಹೈಪೋಟಾನಿಕ್, ಐಸೋಟಾನಿಕ್, ಹೈಪರ್‌ಟಾನಿಕ್ ಎಂಬುದು ಯಾವ ದ್ರಾವಣಕ್ಕೂ ಕಾಯಂ ಹೆಸರಲ್ಲ. ಯಾವ ಕೋಶದ ಎದುರಿಗೆ ಎಂದು ಕೇಳದೆ ಆ ಪದ ಬಳಸಿದರೆ ಅರ್ಥವೇ ಇಲ್ಲ. ನಮ್ಮ ರಕ್ತಕ್ಕೆ ಸಮವಾದ ಶೇ. 0.9ರ ನೀರು ಸಮುದ್ರದ ಏಡಿಯ ಕೋಶಕ್ಕೆ ಹೈಪೋಟಾನಿಕ್. ಅದರ ರಕ್ತದಲ್ಲಿ ಕಡಲಿನಷ್ಟೇ ಕಣಗಳಿರುತ್ತವೆ. ಅದೇ ನೀರು ಸಿಹಿನೀರಿನ ಅಮೀಬಾಕ್ಕೆ ಹೈಪರ್‌ಟಾನಿಕ್. ಕೋಶವನ್ನು ಮೊದಲು ಹೇಳು, ಆಮೇಲೆ ಹೊರಗಿನ ದ್ರಾವಣದ ಹೆಸರು ಹೇಳು ಎಂದು ಅವಳಿಗೆ ಹೇಳಿ. ಅರ್ಧ ಗೊಂದಲ ಅಲ್ಲಿಗೇ ಹೋಗುತ್ತದೆ.

ಇನ್ನರ್ಧ ಗೊಂದಲ ಲೆಕ್ಕದ್ದು. ಆಸ್ಮೋಸಿಸ್ ಗ್ರಾಂ ನೋಡುವುದಿಲ್ಲ, ಕಣಗಳ ಸಂಖ್ಯೆ ನೋಡುತ್ತದೆ. ಉಪ್ಪು ನೀರಿಗೆ ಬಿದ್ದರೆ ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಬೇರೆಯಾಗುತ್ತದೆ. ಗ್ಲೂಕೋಸ್ ಒಂದೇ ಆಗಿ ಉಳಿಯುತ್ತದೆ, ಮೇಲಾಗಿ ಅದರ ಕಣ ಭಾರ. ಆದ್ದರಿಂದ ಲೀಟರಿಗೆ 9 ಗ್ರಾಂ ಉಪ್ಪು ಮಾಡುವ ಕೆಲಸಕ್ಕೆ ಸುಮಾರು 50 ಗ್ರಾಂ ಗ್ಲೂಕೋಸ್ ಬೇಕು. ಡಾಕ್ಟರರು ಇದನ್ನು ಮಿಲಿಆಸ್ಮೋಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ರಕ್ತ ಸುಮಾರು 285ರಿಂದ 295. ಶೇ. 0.9ರ ಸಲೈನ್ ಲೆಕ್ಕದಲ್ಲಿ 308, ಶೇ. 5ರ ಡೆಕ್ಸ್‌ಟ್ರೋಸ್ ಎಂಬ ಗ್ಲೂಕೋಸ್ ಬಾಟಲಿ ಸುಮಾರು 278. ಈ ಸಂಖ್ಯೆಗಳ ಹಿಂದೆ ಇರುವ ಬಲ ಸಣ್ಣದಲ್ಲ. 300 ಮಿಲಿಆಸ್ಮೋಲ್ ಎಂದರೆ, ಆಚೆ ಬರೀ ನೀರಿದ್ದರೆ, ದೇಹದ ಶಾಖದಲ್ಲಿ ಗಾಳಿಯ ಒತ್ತಡದ ಏಳೂವರೆ ಪಟ್ಟು ಒತ್ತಡ. ಅಷ್ಟನ್ನು ತಡೆಯುವ ತಾಕತ್ತು ಕೆಂಪು ಕಣದ ಪೊರೆಗೆ ಎಲ್ಲಿಂದ ಬರಬೇಕು?

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ಪರೀಕ್ಷೆಗೆ ಓದುವ ಮಕ್ಕಳು ಹೆಚ್ಚಾಗಿ ಇಲ್ಲಿಯೇ ಜಾರುತ್ತಾರೆ. ಅವಳು ಕಾಲೇಜಿನಲ್ಲಿ ನಾಲ್ಕನೆಯ ಟೆಸ್ಟ್ ಟ್ಯೂಬ್ ಇಡಲಿ. ಅದರಲ್ಲಿ ಲೀಟರಿಗೆ 18 ಗ್ರಾಂ ಲೆಕ್ಕದಲ್ಲಿ ಯೂರಿಯಾ ಕರಗಿಸಿದ ನೀರು. ಲೆಕ್ಕ ಹಾಕಿದರೆ ಅದೂ 300 ಮಿಲಿಆಸ್ಮೋಲ್, ರಕ್ತಕ್ಕೆ ಸಮ. ಟೀಚರ ಕೈಯಿಂದ ಅದಕ್ಕೆ ರಕ್ತದ ಹನಿ ಬೀಳಲಿ. ಸಂಖ್ಯೆಯನ್ನೇ ನಂಬಿದವರು ಮಬ್ಬಾಗಿಯೇ ಇರುತ್ತದೆ ಎಂದು ಕಾಯುತ್ತಾರೆ. ಆದರೆ ಬರೀ ನೀರಿನಲ್ಲಿ ಆದ ಹಾಗೆಯೇ ಅದು ತಿಳಿಯಾಗಿಬಿಡುತ್ತದೆ. ಯಾಕೆಂದರೆ ಯೂರಿಯಾ ಪೊರೆಯನ್ನು ದಾಟುತ್ತದೆ. ಕೆಂಪು ಕಣದಲ್ಲಿ ಅದಕ್ಕೆ ಪ್ರತ್ಯೇಕ ದಾರಿಯೇ ಇದೆ. ಯೂರಿಯಾ ಒಳಗೂ ಹೊರಗೂ ಒಂದೇ ಆದ ಮೇಲೆ ಹೊರಗಿನಿಂದ ನೀರನ್ನು ಹಿಡಿದಿಡಲು ಏನೂ ಉಳಿಯಲಿಲ್ಲ. ಒಳಗೆ ಮಾತ್ರ ಕಣದ ಸ್ವಂತ ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಎಲ್ಲ ಇವೆ. ನೀರು ಒಳಗೆ ನುಗ್ಗಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಕರಗಿದ ಕಣಗಳು ಎಷ್ಟಿವೆ, ಅವು ಪೊರೆಯನ್ನು ದಾಟುತ್ತವಾ ಇಲ್ಲವಾ? ದಾಟದೆ ಉಳಿಯುವವು ಮಾತ್ರ ಲೆಕ್ಕಕ್ಕೆ ಬರುತ್ತವೆ. ಟಾನಿಸಿಟಿ ಎಂದರೆ ಇದು.

ಗ್ಲೂಕೋಸ್ ಬಾಟಲಿಗೂ ಇದು ಅನ್ವಯ. ನಮ್ಮ ಕಡೆ ಯಾವ ಡ್ರಿಪ್ಸ್ ಹಾಕಿದರೂ "ಗ್ಲೂಕೋಸ್ ಹಾಕಿದರು" ಎನ್ನುವುದುಂಟು. ಎರಡೂ ಒಂದೇ ಅಲ್ಲ. ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವಾಗ ರಕ್ತಕ್ಕೆ ಹತ್ತಿರ ಹತ್ತಿರ ಸಮ, ಕೆಂಪು ಕಣ ಒಡೆಯುವುದಿಲ್ಲ. ಆದರೆ ದೇಹಕ್ಕೆ ಹೋದ ಮೇಲೆ ಕೋಶಗಳು ಗ್ಲೂಕೋಸನ್ನು ಒಳಗೆ ತೆಗೆದುಕೊಂಡು ಉರಿಸಿಬಿಡುತ್ತವೆ. ಉಳಿಯುವುದು ಬರೀ ನೀರು. ಅದು ಕೋಶಗಳ ಒಳಗೂ ಹೋಗುತ್ತದೆ. ಮೆದುಳು ಊದಿಕೊಂಡ ರೋಗಿಗೆ ಡಾಕ್ಟರರು ಅದನ್ನು ಕೊಡಲು ಹಿಂಜರಿಯುವುದು ಇದಕ್ಕೇ. ತಲೆಬುರುಡೆಯೊಳಗೆ ಊದಲು ಜಾಗ ಇಲ್ಲ. ಅಂಥವರಿಗೆ ಬೇಕೆಂದೇ ಹೈಪರ್‌ಟಾನಿಕ್ ದ್ರಾವಣ ಕೊಡುತ್ತಾರೆ. ಶೇ. 3ರ ಸಲೈನ್ ಅಥವಾ ಮ್ಯಾನಿಟಾಲ್ ಎಂಬ, ಮೆದುಳಿನ ಕೋಶಕ್ಕೆ ಸುಲಭವಾಗಿ ಹೋಗದ ಒಂದು ವಸ್ತು. ಅವು ಊದಿದ ಮೆದುಳಿನಿಂದ ನೀರನ್ನು ರಕ್ತಕ್ಕೆ ಎಳೆಯುತ್ತವೆ. ಅಳತೆ ತಪ್ಪದ ಹಾಗೆ, ರಕ್ತದ ಸೋಡಿಯಂ ನೋಡಿಕೊಂಡು, ಆಸ್ಪತ್ರೆಯಲ್ಲೇ ಮಾಡಬೇಕಾದ ಕೆಲಸ ಅದು.

ಉಪ್ಪು ದಾಟುವುದಿಲ್ಲ ಎಂದು ಮೇಲೆ ಹೇಳಿದೆ. ಅದನ್ನು ಸ್ವಲ್ಪ ಬಿಡಿಸಬೇಕು. ಸೋಡಿಯಂ ನಿಜಕ್ಕೂ ಸ್ವಲ್ಪಸ್ವಲ್ಪ ಒಳಗೆ ಸೋರುತ್ತದೆ. ಪೊರೆಯಲ್ಲಿರುವ ಒಂದು ಪಂಪು ಅದನ್ನು ಹಿಡಿದು ಹಿಡಿದು ಹೊರಗೆ ಹಾಕುತ್ತಾ ಇರುತ್ತದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪನ್ನು ತೋರಿಸಿಕೊಟ್ಟರು, 1997ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ಮಲಗಿರುವಾಗಲೂ ಈ ಪಂಪು ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಅದು ನಿಂತರೆ ಸೋಡಿಯಂ ಒಳಗೆ ಕೂಡಿಕೊಂಡು, ಅದರ ಹಿಂದೆ ನೀರು ಬಂದು ಕೋಶ ಊದುತ್ತದೆ. ರಕ್ತ ಸಿಗದೆ ಹೋದ ಅಂಗದಲ್ಲಿ ಊತ ಬರುವುದು ಹೀಗೆಯೂ ಹೌದು.

ನೀರು ದಾಟುವ ದಾರಿಯ ಕತೆ ಇನ್ನೂ ಚಂದ. ಅಮೆರಿಕದ ಪೀಟರ್ ಆಗ್ರೆ ಕೆಂಪು ಕಣದ ಪೊರೆಯಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಗುರುತಿಲ್ಲದ ಒಂದು ಪ್ರೋಟೀನು ಸಿಕ್ಕಿತು. ಅದು ನೀರಿನ ಬಾಗಿಲಿರಬಹುದೇ ಎಂದು ನೋಡಲು ಕಪ್ಪೆಯ ಮೊಟ್ಟೆಯನ್ನು ಆರಿಸಿಕೊಂಡರು. ಕಪ್ಪೆ ಕೆರೆಯ ಸಿಹಿನೀರಿನಲ್ಲಿ ಮೊಟ್ಟೆ ಇಟ್ಟರೂ ಅದು ಒಡೆಯುವುದಿಲ್ಲ ಅಲ್ವಾ? ಅದರ ಪೊರೆ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಆ ಪ್ರೋಟೀನು ತಯಾರಾಗುವಂತೆ ಮಾಡಿದ ಮೊಟ್ಟೆಗಳನ್ನು ತೆಳು ನೀರಿಗೆ ಹಾಕಿದಾಗ ಕೆಲವೇ ನಿಮಿಷಗಳಲ್ಲಿ ಊದಿ ಸಿಡಿದವು. ಪಕ್ಕದ ಮಾಮೂಲಿ ಮೊಟ್ಟೆಗಳು ಹಾಗೆಯೇ ಇದ್ದವು. ಅದು ಪ್ರಕಟವಾದದ್ದು 1992ರಲ್ಲಿ. ಆ ಬಾಗಿಲಿಗೆ ಅಕ್ವಾಪೊರಿನ್ ಎಂದು ಹೆಸರು. ಆಗ್ರೆಗೆ 2003ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾಲು ಸಿಕ್ಕಿತು.

ಸುರಂಗದ ನೀರು ರಕ್ತದ ಕಣವನ್ನು ಒಡೆಯುವುದಾದರೆ ಅದೇ ನೀರು ಕುಡಿಯುವ ಅಡಿಕೆ ಮರದ ಬೇರು ಯಾಕೆ ಒಡೆಯುವುದಿಲ್ಲ? ಗಿಡದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಇದೆ. ಫುಟ್‌ಬಾಲಿನ ಒಳಗಿನ ಬ್ಲಾಡರನ್ನು ಹೊರಗಿನ ಚರ್ಮ ಹಿಡಿದಿಡುವ ಹಾಗೆ, ನೀರು ತುಂಬಿ ಉಬ್ಬಿದ ಕೋಶವನ್ನು ಗೋಡೆ ಹಿಡಿದಿಡುತ್ತದೆ. ಆ ಬಿಗಿಯಿಂದಲೇ ಹರಿವೆ ಸೊಪ್ಪು ನೆಟ್ಟಗೆ ನಿಲ್ಲುವುದು. ಬಾಡಿದ ಸೊಪ್ಪಿನ ಬುಡವನ್ನು ನೀರಿನಲ್ಲಿಟ್ಟರೆ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಅಂದರೆ ಗಿಡದ ಕೋಶಕ್ಕೆ ತೆಳು ನೀರು ಆಪತ್ತಲ್ಲ, ಅದೇ ಬೇಕು. ಅದಕ್ಕೆ ಆಪತ್ತು ಉಪ್ಪಿನ ಕಡೆಯಿಂದ ಬರುತ್ತದೆ.

ಬೇಸಿಗೆಯಲ್ಲಿ ಹೊಳೆಯ ಹರಿವು ಕಮ್ಮಿಯಾದಾಗ ಕಡಲಿನ ನೀರು ಒಳಗೆ ಏರುವುದನ್ನು ಕುಂಬಳೆ, ಮೊಗ್ರಾಲ್ ಕಡೆಯವರು ನೋಡಿದ್ದಾರೆ. ಅಂಥ ನೀರನ್ನು ಅಡಿಕೆ ತೋಟಕ್ಕೆ ಬಿಟ್ಟರೆ ನೆಲ ಒದ್ದೆಯಾಗಿದ್ದರೂ ಮರ ಬಾಯಾರುತ್ತದೆ. ಬೇರಿನ ಒಳಗಿಗಿಂತ ಹೊರಗೆ ಕಣಗಳು ಜಾಸ್ತಿಯಾದರೆ ನೀರು ಒಳಗೆ ಬರುವುದಾದರೂ ಹೇಗೆ? ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಮಳೆ ಇಲ್ಲದಾಗ ಎಳೆ ಗಿಡದ ಬುಡಕ್ಕೇ ಒಂದು ಮುಷ್ಟಿ ಪೊಟಾಷ್ ಹಾಕಿದರೂ ಇದೇ ಆಗುತ್ತದೆ. ಪೊಟಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪಿನ ಹಾಗೆ ಎರಡಾಗಿ ಒಡೆಯುವಂಥದ್ದು. ಬುಡದಿಂದ ದೂರಕ್ಕೆ ಹರಡಿ, ಮಣ್ಣು ಹಸಿಯಾಗಿರುವಾಗ ಹಾಕಿ ಎನ್ನುವುದು ಅದಕ್ಕೇ. ತೆಂಗು ಅಡಿಕೆಗಿಂತ ಗಟ್ಟಿಗ, ಉಪ್ಪನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಕ್ಲೋರೈಡ್ ಅದಕ್ಕೆ ಉಪಯೋಗಕ್ಕೂ ಬರುತ್ತದೆ. ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳದ್ದು ಬೇರೆಯೇ ಉಪಾಯ. ಬೇರಿನಲ್ಲಿಯೇ ಬಹುಪಾಲು ಉಪ್ಪನ್ನು ತಡೆಯುತ್ತವೆ, ಕೆಲವು ಜಾತಿಗಳು ಒಳಗೆ ಬಂದದ್ದನ್ನು ಎಲೆಯಿಂದ ಹೊರಗೆ ಹಾಕುತ್ತವೆ. ಬಿಸಿಲಿಗೆ ಒಣಗಿದಾಗ ಎಲೆಯ ಮೇಲೆ ಉಪ್ಪಿನ ಬಿಳಿ ಹರಳು ಕಾಣುತ್ತದೆ.

ಇನ್ನು ಅತ್ತೆಯವರ ವಿಷಯ. ಇದನ್ನು ಗಮನವಿಟ್ಟು ಓದಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ಭೇದಿಯಲ್ಲಿ ಬರೀ ನೀರು ಹೋಗುವುದಿಲ್ಲ, ಉಪ್ಪೂ ಹೋಗುತ್ತದೆ. ಅಂಥವರಿಗೆ ದಿನವಿಡೀ ಬರೀ ನೀರನ್ನೇ ಕುಡಿಸಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಇರಬೇಕಾದ್ದು ಲೀಟರಿಗೆ 135ರಿಂದ 145 ಮಿಲಿಮೋಲ್. ಅದು ಬಹಳ ಇಳಿದರೆ ಮೆದುಳಿನ ಕೋಶಗಳಿಗೆ ನೀರು ಹೋಗಿ ಗೊಂದಲ, ಮಂಪರು, ಫಿಟ್ಸ್ ಬರಬಹುದು. ವಯಸ್ಸಾದವರಲ್ಲಿ ಇದು ಬೇಗ ಆಗುತ್ತದೆ. ಇದಕ್ಕೆ ಉತ್ತರ ಉಪ್ಪು, ಗ್ಲೂಕೋಸ್ ಸೇರಿದ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್.

ಕರುಳಿನ ಕೋಶದಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಒಂದು ದಾರಿ ಇದೆ. ಭೇದಿ ಜೋರಾಗಿದ್ದಾಗಲೂ ಆ ದಾರಿ ಕೆಲಸ ಮಾಡುತ್ತದೆ. ಅವೆರಡೂ ಒಳಗೆ ಹೋದರೆ ನೀರು ಆಸ್ಮೋಸಿಸ್‌ನಿಂದ ತಾನಾಗಿ ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ಸ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಕುಡಿಸಲು ಶುರುಮಾಡಿದರು. ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 3.6ಕ್ಕೆ ಇಳಿಯಿತು. ನಮ್ಮ ದೇಶದ ವೈದ್ಯರೊಬ್ಬರು ಮಾಡಿದ ಇಷ್ಟು ದೊಡ್ಡ ಕೆಲಸವನ್ನು ಪ್ರತಿ ಶಾಲೆಯಲ್ಲೂ ಕಲಿಸಬೇಕು ಎಂದು ನನ್ನ ಆಸೆ. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಇವತ್ತಿನ ಓಆರ್‌ಎಸ್ 245 ಮಿಲಿಆಸ್ಮೋಲ್, ಮೊದಲು 311 ಇತ್ತು. ರಕ್ತಕ್ಕಿಂತ ಸ್ವಲ್ಪ ತೆಳುವಾಗಿದ್ದರೆ ಕರುಳಿನಿಂದ ನೀರು ಇನ್ನೂ ಚೆನ್ನಾಗಿ ಒಳಗೆ ಹೋಗುತ್ತದೆ ಎಂದು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬದಲಿಸಿತು. ಹಾಗಾಗಿ ಅಳತೆಯಲ್ಲಿ ಕೈಯಂದಾಜು ಬೇಡ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿ.ಲೀ.ನ ಸಣ್ಣದೂ ಇದೆ. ಓದಿ ನೋಡಿ, ಅಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅದು ಹೈಪರ್‌ಟಾನಿಕ್ ಆಗಿ ಕರುಳಿಗೇ ನೀರು ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಸಕ್ಕರೆ ತುಂಬಿದ ಬಾಟಲಿ ಜ್ಯೂಸ್, ಕೋಲಾಗಳೂ ಅದನ್ನೇ ಮಾಡುತ್ತವೆ, ಆ ಹೊತ್ತಿಗೆ ಕೊಡಬೇಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು. ಗಂಜಿ ತೆಳಿಗೆ ಉಪ್ಪು ಹಾಕಿ ಕೊಡುವ ನಮ್ಮ ರೂಢಿಯೂ ಒಳ್ಳೆಯದೇ. ಗಂಜಿಯ ಹಿಟ್ಟು ದೊಡ್ಡ ದೊಡ್ಡ ಕಣ, ಸಂಖ್ಯೆಯಲ್ಲಿ ಕಡಿಮೆ, ಕರುಳಿನಲ್ಲಿ ನಿಧಾನಕ್ಕೆ ಗ್ಲೂಕೋಸ್ ಆಗುತ್ತದೆ. ಎಳನೀರು ಕೊಡಬಹುದು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಓಆರ್‌ಎಸ್ ಬದಲಿಗೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಎಳನೀರು ಕೊಡಲೇಬೇಡಿ. ವಾಂತಿ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ, ಮಂಪರು ಬಂದರೆ ಮನೆಯಲ್ಲಿ ಕಾಯಬಾರದು.

ಮಗಳಿಗೆ ಎರಡು ಕೆಲಸ ಹೇಳಿ. ಅಂಗಳದಲ್ಲಿ ಬೆಳೆಸುವ, ಕತ್ತಿಯಂಥ ಎಲೆಯ ಅಡಿಭಾಗ ನೇರಳೆಯಾಗಿರುವ ಅಲಂಕಾರದ ಗಿಡ ಇದೆಯಲ್ಲ, ಅವಳ ಪುಸ್ತಕದಲ್ಲಿ ರೀಯೋ ಎಂದಿರುತ್ತದೆ. ಆ ನೇರಳೆ ಸಿಪ್ಪೆಯನ್ನು ತೆಳುವಾಗಿ ಸುಲಿದು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಲಿ. ಮೊದಲು ನೀರಿನಲ್ಲಿ, ಆಮೇಲೆ ಅಂಚಿನಿಂದ ಒಂದು ಹನಿ ಗಟ್ಟಿ ಉಪ್ಪುನೀರು ಬಿಟ್ಟು. ಕೋಶದ ತುಂಬಾ ಇದ್ದ ನೇರಳೆ ಬಣ್ಣ ಮೂಲೆಗಳಿಂದ ಬಿಟ್ಟುಕೊಂಡು ನಡುವೆ ಮುದ್ದೆಯಾಗುತ್ತದೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಕೂಡಲೇ ಉಪ್ಪುನೀರನ್ನು ಹೀರಿ ತೆಗೆದು ಬರೀ ನೀರು ಬಿಟ್ಟರೆ ಬಣ್ಣ ಮತ್ತೆ ಗೋಡೆಯ ತನಕ ಹರಡುತ್ತದೆ. ಪೊರೆ ಜೀವಂತ ಇರುವುದಕ್ಕೆ ಅದೇ ಸಾಕ್ಷಿ. ತುಂಬಾ ಹೊತ್ತು ಉಪ್ಪಿನಲ್ಲಿ ಬಿಟ್ಟರೆ ಹಿಂದೆ ಬರುವುದಿಲ್ಲ.

ಇನ್ನೊಂದು ಮನೆಯಲ್ಲೇ ಆಗುತ್ತದೆ. ಬಟಾಟೆಯನ್ನು ಒಂದೇ ಅಳತೆಯ ತುಂಡು ಮಾಡಿ ತೂಗಿ, ಬರೀ ನೀರು ಮತ್ತು ಲೀಟರಿಗೆ 5, 10, 20, 40 ಗ್ರಾಂ ಲೆಕ್ಕದ ಉಪ್ಪುನೀರುಗಳಲ್ಲಿ ಒಂದು ಗಂಟೆ ಇಟ್ಟು ಮತ್ತೆ ತೂಗಲಿ. ತೆಳು ನೀರಿನಲ್ಲಿದ್ದವು ಭಾರವಾಗಿ ಗರಿಗರಿಯಾಗುತ್ತವೆ, ಗಟ್ಟಿ ಉಪ್ಪಿನಲ್ಲಿದ್ದವು ಹಗುರವಾಗಿ ಬಾಗುತ್ತವೆ. ಇವುಗಳ ನಡುವೆ ಎಲ್ಲಿ ತೂಕ ಬದಲಾಗುವುದಿಲ್ಲವೋ ಅದು ಬಟಾಟೆಗೆ ಐಸೋಟಾನಿಕ್, ಅದನ್ನು ಅವಳೇ ಗ್ರಾಫ್ ಎಳೆದು ಹುಡುಕಲಿ. ಎರಡನೆಯ ಸಲ ತೂಗುವ ಮೊದಲು ತುಂಡುಗಳನ್ನು ಬಟ್ಟೆಯಲ್ಲಿ ಮೆತ್ತಗೆ ಒತ್ತಿ ಒರೆಸಬೇಕು. ಇಲ್ಲದಿದ್ದರೆ ಹೊರಗೆ ಅಂಟಿದ ನೀರೂ ತೂಕಕ್ಕೆ ಸೇರಿ ಲೆಕ್ಕ ತಪ್ಪುತ್ತದೆ.